ಬಲೂನಿಗೆ ಗಾಳಿಯೇ ಸಾಕು

ಹುಟ್ಟುಹಬ್ಬದ ಸಾಮಾನು ಮಾರುವ ಅಂಗಡಿಯಲ್ಲಿ ಈಗ ಬರೀ 'ಬಲೂನು ಕೊಡಿ' ಎಂದರೆ ಸಾಲುವುದಿಲ್ಲ. ಮೆಟಾಲಿಕ್ ಬೇಕೇ, ಪೇಸ್ಟಲ್ ಬೇಕೇ, ಕ್ರೋಮ್ ಬೇಕೇ, ಫಾಯಿಲ್ ನಂಬರ್ ಬೇಕೇ, ಗ್ಯಾಸ್ ತುಂಬಿಸಿಯೇ ಕೊಡಬೇಕೇ ಎಂದು ಅಂಗಡಿಯವರು ಒಂದೇ ಉಸಿರಿಗೆ ಕೇಳುತ್ತಾರೆ. ಕೊಳ್ಳುವವರು ಗೋಡೆಯ ಬಣ್ಣ, ಕೇಕಿನ ಬಣ್ಣ ನೆನೆದು ಒಂದನ್ನು ಆರಿಸುತ್ತಾರೆ. ಬಣ್ಣದ ಮಾತು ಆಮೇಲೆ ಇರಲಿ. ಮೊದಲು ಕೇಳಬೇಕಾದ ಪ್ರಶ್ನೆ ಎರಡೇ: ಇದನ್ನು ಯಾವುದರಿಂದ ಮಾಡಿದ್ದಾರೆ, ಇದರೊಳಗೆ ಏನು ತುಂಬುತ್ತಾರೆ? ಬಲೂನು ಸಂಜೆಯವರೆಗೆ ನಿಲ್ಲುತ್ತದೋ ವಾರ ನಿಲ್ಲುತ್ತದೋ, ಮಕ್ಕಳ ಕೈಗೆ ಕೊಡಬಹುದೋ ಬಾರದೋ, ಮರುದಿನ ಅದರ ಚೂರು ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದೆಲ್ಲ ಈ ಎರಡು ಉತ್ತರಗಳಲ್ಲೇ ಅಡಗಿದೆ.

ಅಂಗಡಿಯ ಹೆಸರುಗಳಿಗೆ ಗಾಬರಿಯಾಗಬೇಕಿಲ್ಲ. ಮೆಟಾಲಿಕ್, ಪೇಸ್ಟಲ್, ಕ್ರೋಮ್ ಮೂರೂ ಅದೇ ರಬ್ಬರು. ಸೇರಿಸಿದ ಬಣ್ಣ ಮತ್ತು ಹೊಳಪು ಮಾತ್ರ ಬೇರೆ. ಒಳಗೆ ಬಣ್ಣದ ಕಾಗದದ ಚೂರು ಹಾಕಿದ ಬಲೂನು, ನಾಯಿ, ಹೂವು, ಕತ್ತಿ ಎಂದು ತಿರುಚಿ ಕೊಡುವ ಉದ್ದನೆಯ ಬಲೂನು ಕೂಡ ಸಾಮಾನ್ಯವಾಗಿ ರಬ್ಬರಿನವೇ. ಎರಡನೆಯ ಜಾತಿ ಫಾಯಿಲ್: ಅಕ್ಷರ, ಅಂಕಿ, ನಕ್ಷತ್ರ, ಹೃದಯದ ಆಕಾರದಲ್ಲಿ ಬೆಳ್ಳಿಯಂತೆ ಮಿರುಗುವುದು. ಮೂರನೆಯದು ಗಾಜಿನಷ್ಟು ತಿಳಿಯಾಗಿ ಕಾಣುವ, ಒಳಗೆ ದೀಪದ ಸರ ಇಟ್ಟು ಮಾರುವ ಬಬಲ್ ಬಲೂನು. ಅದು ಹಿಗ್ಗುವ ಪ್ಲಾಸ್ಟಿಕ್ ಹಾಳೆ. ನೋಡಲು ಚೆಂದ, ಅಷ್ಟೇ. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಹೇಳಬೇಕಾದ್ದೆಲ್ಲ ಮೊದಲೆರಡರ ಬಗ್ಗೆ, ಅದರಲ್ಲೂ ರಬ್ಬರಿನ ಬಗ್ಗೆ.

ರಬ್ಬರ್ ಬಲೂನು ಮರದಲ್ಲಿ ಹುಟ್ಟುವ ವಸ್ತು. ಸುಳ್ಯ, ಪುತ್ತೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳು ಈ ಕಡೆಯ ರಬ್ಬರ್ ತೋಟಗಳಲ್ಲಿ ನೆಲೆಗೊಂಡವು. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಆ ತೋಟಗಳಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು ಈಗಲೂ ಮರ ಕೆತ್ತುತ್ತಾರೆ. ಬೆಳಗಿನ ತಂಪಿನಲ್ಲಿ ಹಾಲು ಚೆನ್ನಾಗಿ ಇಳಿಯುತ್ತದೆ ಎಂದು ನಸುಕಿನಲ್ಲೇ ಟ್ಯಾಪಿಂಗ್ ಶುರು. ಆ ಹಾಲಿನಲ್ಲಿ ಮೂರನೇ ಒಂದು ಭಾಗದಷ್ಟು ರಬ್ಬರು, ಉಳಿದದ್ದು ಬಹುಪಾಲು ನೀರು. ಮನೆಯ ಅಂಗಳದಲ್ಲಿ ಆಸಿಡ್ ಹಾಕಿ, ಹೆಪ್ಪುಗಟ್ಟಿಸಿ, ಒತ್ತಿ, ಹೊಗೆಗೂಡಿನಲ್ಲಿ ಒಣಗಿಸಿದರೆ ಶೀಟು. ಬಲೂನಿಗೆ ಬೇಕಾದ ಹಾಲು ಹೆಪ್ಪುಗಟ್ಟಬಾರದು. ಅದಕ್ಕೆ ಅಮೋನಿಯಾ ಸೇರಿಸಿ, ಯಂತ್ರದಲ್ಲಿ ತಿರುಗಿಸಿ ನೀರು ಬೇರ್ಪಡಿಸಿ, ರಬ್ಬರಿನ ಅಂಶ 60 ಪರ್ಸೆಂಟಿಗೆ ಬರುವಂತೆ ಗಟ್ಟಿ ಮಾಡುತ್ತಾರೆ. ಆಮೇಲೆ ಗಂಧಕ, ಬಣ್ಣ ಕೂಡುತ್ತವೆ. ಬಲೂನಿನ ಆಕಾರದ ಅಚ್ಚುಗಳನ್ನು ಮೊದಲು ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ, ಬಳಿಕ ಈ ಹಾಲಿನಲ್ಲಿ ಅದ್ದಿ ತೆಗೆದರೆ ಅಚ್ಚಿನ ಮೇಲೆ ತೆಳುವಾದ ಪದರ ಕೂರುತ್ತದೆ. ಕತ್ತಿನ ಅಂಚನ್ನು ಬ್ರಷ್ಷುಗಳು ಸುರುಳಿ ಸುತ್ತುತ್ತವೆ. ನಾವು ಊದುವಾಗ ತುಟಿಗೆ ಸಿಗುವ ದಪ್ಪ ಬಳೆ ಅದೇ. ಬಿಸಿನೀರಿನಲ್ಲಿ ತೊಳೆದು, ಒಲೆಯಲ್ಲಿ ಕಾಯಿಸಿ, ಅಚ್ಚಿನಿಂದ ಸುಲಿದರೆ ಬಲೂನು ಸಿದ್ಧ.

ಈ ವಿಧಾನಕ್ಕೆ ಇನ್ನೂ ನೂರು ವರ್ಷವಾಗಿಲ್ಲ. 1931ರಲ್ಲಿ ಅಮೆರಿಕದ ನೀಲ್ ಟಿಲಟ್ಸನ್ ರಟ್ಟನ್ನು ಬೆಕ್ಕಿನ ತಲೆಯ ಆಕಾರಕ್ಕೆ ಕತ್ತರಿಸಿ, ರಬ್ಬರ್ ಹಾಲಿನಲ್ಲಿ ಅದ್ದಿ, ಕಿವಿಯುಳ್ಳ ಬಲೂನು ಮಾಡಿದರು. ಅದಕ್ಕೂ ನೂರಕ್ಕೂ ಹೆಚ್ಚು ವರ್ಷ ಹಿಂದೆ, 1824ರಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಮೊದಲ ರಬ್ಬರ್ ಬಲೂನು ಮಾಡಿದ್ದರು. ಎರಡು ರಬ್ಬರ್ ಹಾಳೆಗಳನ್ನು ಒಂದರ ಮೇಲೊಂದಿಟ್ಟು, ನಡುವೆ ಅಂಟಿಕೊಳ್ಳದಂತೆ ಹಿಟ್ಟು ಉದುರಿಸಿ, ಅಂಚನ್ನು ಒತ್ತಿದರು. ಹೊಸದಾಗಿ ಕತ್ತರಿಸಿದ ಹಸಿ ರಬ್ಬರಿನ ಅಂಚು ಒತ್ತಿದರೆ ತಾನಾಗಿ ಬೆಸೆದುಕೊಳ್ಳುತ್ತದೆ. ಅವರಿಗೆ ಹುಟ್ಟುಹಬ್ಬ ಮಾಡುವುದಿರಲಿಲ್ಲ. ಹೈಡ್ರೋಜನ್ನಿನ ಪ್ರಯೋಗಕ್ಕೆ ಚೀಲ ಬೇಕಿತ್ತು. ಮರುವರ್ಷವೇ ಥಾಮಸ್ ಹ್ಯಾನ್‌ಕಾಕ್ ರಬ್ಬರ್ ದ್ರಾವಣದ ಬಾಟಲಿ ಮತ್ತು ಪಿಚಕಾರಿಯನ್ನು ಕೂಡಿಸಿ, ಮನೆಯಲ್ಲೇ ಬಲೂನು ಮಾಡಿಕೊಳ್ಳಿ ಎಂದು ಮಾರತೊಡಗಿದರು.

ರಬ್ಬರು ಇಷ್ಟು ಹಿಗ್ಗಿ ಮತ್ತೆ ಮೊದಲಿನಂತಾಗುವುದು ಹೇಗೆ? ಅದರ ಅಣುಗಳು ಬೇಯಿಸಿದ ಶಾವಿಗೆಯ ಹಾಗೆ ಉದ್ದುದ್ದ, ಒಂದರೊಳಗೊಂದು ಸಿಕ್ಕಿಕೊಂಡಿವೆ. ಎಳೆದರೆ ನೆಟ್ಟಗಾಗುತ್ತವೆ, ಬಿಟ್ಟರೆ ಮತ್ತೆ ಮುದುಡುತ್ತವೆ. ಅಲ್ಲಲ್ಲಿ ಗಂಧಕ ಹಾಕಿದ ಕೊಂಡಿಗಳು ಅವು ಜಾರಿ ಬೇರೆಯಾಗದಂತೆ ತಡೆಯುತ್ತವೆ. ಈ ಎಳೆದಾಟವನ್ನು ನೀವೇ ಪರೀಕ್ಷಿಸಬಹುದು. ಊದದ ಬಲೂನನ್ನು ಫಕ್ಕನೆ ಎಳೆದು ತುಟಿಗೆ ತಾಗಿಸಿದರೆ ಬೆಚ್ಚಗಿರುತ್ತದೆ. ಎಳೆದೇ ಹಿಡಿದಿದ್ದು, ಸ್ವಲ್ಪ ಹೊತ್ತಿನ ಬಳಿಕ ಸಡಿಲ ಬಿಟ್ಟು ತಾಗಿಸಿದರೆ ತಣ್ಣಗಿರುತ್ತದೆ. ಇದನ್ನು 1805ರಲ್ಲಿ ಬರೆದಿಟ್ಟವರು ಇಂಗ್ಲೆಂಡಿನ ಜಾನ್ ಗಫ್. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ತುಟಿಯ ಸ್ಪರ್ಶದಿಂದಲೇ ಒಂದು ನಿಯಮ ಹಿಡಿದರು. ಶಾಲೆಯ ವಿಜ್ಞಾನದ ಪಾಠಕ್ಕೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಗೊತ್ತಿಲ್ಲ. ಊದುವಾಗ ಮೊದಲ ಉಸಿರೇ ಕಷ್ಟ, ಒಮ್ಮೆ ಉಬ್ಬಿದ ಮೇಲೆ ಸಲೀಸು ಎಂಬುದೂ ಎಲ್ಲರ ಅನುಭವ. ಚಿಕ್ಕ ಬಲೂನಿನ ಒಳಗಿನ ಒತ್ತಡ ದೊಡ್ಡದರ ಒತ್ತಡಕ್ಕಿಂತ ಹೆಚ್ಚು. ಆದ್ದರಿಂದಲೇ ಅರೆ ಊದಿದ ಬಲೂನನ್ನೂ ಚೆನ್ನಾಗಿ ಊದಿದ ಬಲೂನನ್ನೂ ಒಂದು ಕೊಳವೆಯಿಂದ ಜೋಡಿಸಿದರೆ ಸಾಮಾನ್ಯವಾಗಿ ಚಿಕ್ಕದು ಇನ್ನೂ ಚಿಕ್ಕದಾಗುತ್ತದೆ, ದೊಡ್ಡದು ಇನ್ನೂ ಉಬ್ಬುತ್ತದೆ. ಎರಡೂ ಸಮವಾಗುತ್ತವೆ ಎಂದು ಊಹಿಸಿದ ಮಕ್ಕಳ ಮುಖದಲ್ಲಿ ಆಗ ಮೂಡುವ ಬೆರಗನ್ನು ನೋಡಬೇಕು.

ಶಾವಿಗೆಯ ಎಳೆಗಳ ನಡುವೆ ಸಂದಿ ಇದ್ದೇ ಇರುತ್ತದೆ. ರಬ್ಬರಿನ ಗುಣವೂ ಅದೇ, ದೋಷವೂ ಅದೇ. ಹೀಲಿಯಂ ಬಹಳ ಚಿಕ್ಕ ಪರಮಾಣು. ಆ ಸಂದಿಗಳಲ್ಲಿ ತೂರಿ ಹೊರಗೆ ಹೋಗುತ್ತದೆ. ಬೆಳಿಗ್ಗೆ ಹೀಲಿಯಂ ತುಂಬಿಸಿದ 11 ಅಂಗುಲದ ಬಲೂನು ಚಾವಣಿ ಮುಟ್ಟಿ ನಿಂತಿದ್ದರೂ ರಾತ್ರಿಯ ಹೊತ್ತಿಗೆ ಜೋಲುತ್ತದೆ. 12ರಿಂದ 20 ಗಂಟೆ ಅದರ ಆಯುಷ್ಯ. ಬರೀ ಗಾಳಿ ತುಂಬಿದರೆ ಅದೇ ಬಲೂನು ದಿನಗಟ್ಟಲೆ ದುಂಡಗಿರುತ್ತದೆ. ಬಿಸಿಲು ಮಾತ್ರ ಅದಕ್ಕೆ ಆಗದು. ಹೊರಗೆ ಕಟ್ಟಿದ ಬಲೂನು ಕೆಲವೇ ಗಂಟೆಗಳಲ್ಲಿ ಹೊಳಪು ಕಳೆದುಕೊಂಡು ಮಂಕಾಗುವುದು ಗಾಳಿಯಲ್ಲಿರುವ ಆಮ್ಲಜನಕ, ಓಝೋನ್ ರಬ್ಬರನ್ನು ತಿನ್ನುವುದರಿಂದ. ಕಿತ್ತಳೆಯ ಸಿಪ್ಪೆಯೂ ಅದರ ಶತ್ರು. ಸಿಪ್ಪೆ ಹಿಂಡಿದಾಗ ಚಿಮ್ಮುವ ಎಣ್ಣೆಯಲ್ಲಿರುವ ಲಿಮೊನೀನ್ ರಬ್ಬರನ್ನು ಕರಗಿಸುತ್ತದೆ. ಒಂದು ಹನಿ ಬಿದ್ದರೂ ಬಲೂನು ಢಬ್ ಎನ್ನುತ್ತದೆ. ಕಿತ್ತಳೆ ಸುಲಿದ ಕೈಯಲ್ಲಿ ಬಲೂನು ಹಿಡಿಯಬೇಡಿ ಎಂದು ಮಕ್ಕಳಿಗೆ ಹೇಳುವ ಬದಲು, ಹಿಡಿದು ನೋಡಿ ಎಂದು ಹೇಳುವುದೇ ಒಳ್ಳೆಯದು.

ಸಿಡಿಯುವುದರಲ್ಲೂ ಎರಡು ಬಗೆ. 2015ರಲ್ಲಿ ಪ್ಯಾರಿಸ್ಸಿನ ಇಬ್ಬರು ಭೌತವಿಜ್ಞಾನಿಗಳು ಬಲೂನು ಸಿಡಿಯುವುದನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದರು. ಅರೆಬರೆ ಊದಿದ್ದನ್ನು ಚುಚ್ಚಿದರೆ ಒಂದೇ ಬಿರುಕು ಹರಿದು, ರಬ್ಬರು ಒಂದೆರಡು ದೊಡ್ಡ ತುಂಡಾಗಿ ಉಳಿಯುತ್ತದೆ. ಬಿರಿಯುವಷ್ಟು ಊದಿದ್ದರೆ ಬಿರುಕು ತನ್ನ ವೇಗದ ಮಿತಿ ಮುಟ್ಟಿ ಕವಲೊಡೆಯುತ್ತ ಹೋಗುತ್ತದೆ. ಬಲೂನು ಹತ್ತಾರು ಪಟ್ಟಿಗಳಾಗಿ ಚದುರುತ್ತದೆ. ಇದು ಪ್ರಯೋಗಾಲಯದ ಸಂಗತಿ ಮಾತ್ರವಲ್ಲ, ಎಳೆಮಕ್ಕಳಿರುವ ಮನೆಗೆ ನೇರವಾಗಿ ತಾಗುವ ಮಾತು. ಒಡೆದ ಬಲೂನಿನ ಚೂರು ಮಕ್ಕಳ ಬಾಯಿಗೆ ಹೋದರೆ ಗಂಟಲಿಗೆ ಮೆತ್ತಿಕೊಂಡು ಉಸಿರಿನ ದಾರಿಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ಮೆದುವಾದ ರಬ್ಬರು ಗಂಟಲಿನ ಆಕಾರಕ್ಕೇ ಕೂರುವುದರಿಂದ ಹೊರತೆಗೆಯುವುದೂ ಕಷ್ಟ. ಅಮೆರಿಕದಲ್ಲಿ ಬಲೂನಿನ ಪೊಟ್ಟಣದ ಮೇಲೆ 8 ವರ್ಷದೊಳಗಿನ ಮಕ್ಕಳ ಬಗ್ಗೆ ಎಚ್ಚರಿಕೆ ಅಚ್ಚಾಗಲೇಬೇಕೆಂಬ ಕಾನೂನು ಬಂದದ್ದು ಇದರಿಂದಲೇ. ಊದದ ಬಲೂನನ್ನು ಜಗಿಯುತ್ತ ಕೂರುವ ಮಗುವನ್ನು ನಾವೆಲ್ಲ ನೋಡಿದ್ದೇವೆ, ನಕ್ಕು ಸುಮ್ಮನಾಗಿದ್ದೇವೆ. ಸುಮ್ಮನಾಗಬಾರದು. ಬಲೂನನ್ನು ಬಿರಿಯುವಷ್ಟು ಊದದೆ ಸ್ವಲ್ಪ ಕಡಿಮೆಯೇ ಊದಿ. ಒಡೆದರೆ ಚೂರುಗಳನ್ನು ಆ ಕ್ಷಣವೇ ಹೆಕ್ಕಿ. ಇನ್ನೂ ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಕೂಸಿನ ಹುಟ್ಟುಹಬ್ಬವಾದರೆ ರಬ್ಬರ್ ಬಲೂನನ್ನು ಕೈಗೆಟಕದ ಎತ್ತರದಲ್ಲಿ ಕಟ್ಟಿ, ಇಲ್ಲವೇ ಫಾಯಿಲ್ ತನ್ನಿ. ರಬ್ಬರಿನ ಅಲರ್ಜಿ ಇರುವವರೂ ಇದ್ದಾರೆ. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವಾಗ ರಬ್ಬರ್ ಬಲೂನು ಒಯ್ಯದಿರುವುದು ಲೇಸು.

ಫಾಯಿಲ್ ಎಂದರೆ ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯಲ್ಲ. ಅದು ನೈಲಾನ್ ಅಥವಾ ಪಾಲಿಯೆಸ್ಟರ್ ಹಾಳೆ. ಒಂದು ಬದಿಗೆ ನೂರು ನ್ಯಾನೊಮೀಟರಿಗಿಂತಲೂ ತೆಳುವಾದ ಅಲ್ಯುಮಿನಿಯಂ ಲೇಪ, ಇನ್ನೊಂದು ಬದಿಗೆ ಬಿಸಿಯಲ್ಲಿ ಅಂಟಿಕೊಳ್ಳುವ ಪಾಲಿಥೀನ್. ಎರಡು ಹಾಳೆ ಜೋಡಿಸಿ ಅಂಚು ಕಾಯಿಸಿದರೆ ಬಲೂನು. ಇಲ್ಲಿ ಅಣುಗಳು ಒತ್ತೊತ್ತಾಗಿ ಸಾಲುಗಟ್ಟಿವೆ, ಮೇಲೆ ಲೋಹದ ಪದರವೂ ಇದೆ. ಹೀಲಿಯಂಗೆ ದಾರಿ ಸಿಗುವುದು ಕಷ್ಟ. ಅದಕ್ಕೇ ಫಾಯಿಲ್ ವಾರಗಟ್ಟಲೆ ತೇಲಬಲ್ಲದು. ಹಿಗ್ಗುವ ಗುಣ ಮಾತ್ರ ಅದಕ್ಕಿಲ್ಲ. ಎ.ಸಿ. ಅಂಗಡಿಯಲ್ಲಿ ಭರ್ತಿ ತುಂಬಿಸಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿಟ್ಟರೆ ಒಳಗಿನ ಅನಿಲ ಹಿಗ್ಗಿ ಅಂಚು ಬಿಡುತ್ತದೆ. ತಣ್ಣನೆಯ ಕೋಣೆಗೆ ತಂದಾಗ ಸುಕ್ಕಾದರೆ ಅದು ಸೋರಿದ್ದಲ್ಲ, ಕುಗ್ಗಿದ್ದು. ಬೆಚ್ಚಗಾದರೆ ಮತ್ತೆ ತುಂಬಿಕೊಳ್ಳುತ್ತದೆ. 16 ಅಂಗುಲದ ಫಾಯಿಲ್ ಅಕ್ಷರಗಳಿಗೆ ಹೀಲಿಯಂ ತುಂಬಿಸುವುದು ದುಡ್ಡು ದಂಡ. ಅಷ್ಟು ಚಿಕ್ಕ ಚೀಲದೊಳಗಿನ ಹೀಲಿಯಂ ತನ್ನ ಹಾಳೆಯ ಭಾರವನ್ನೇ ಎತ್ತಲಾರದು. ಸ್ಟ್ರಾ ಹಾಕಿ ಬಾಯಿಂದ ಊದಿ ಗೋಡೆಗೆ ಅಂಟಿಸಿದರಾಯಿತು.

ಫಾಯಿಲ್ ಪ್ಲಾಸ್ಟಿಕ್ಕೇ, ಮಣ್ಣಿನಲ್ಲಿ ಕೊಳೆಯುವುದಿಲ್ಲ. ಅದರ ಪರವಾಗಿ ಹೇಳಬಹುದಾದ ಮಾತು ಒಂದೇ: ಕತ್ತಿನಲ್ಲಿರುವ ತೆಳು ಕವಾಟಕ್ಕೆ ಸ್ಟ್ರಾ ತೂರಿಸಿ ಗಾಳಿ ತೆಗೆದು, ಮಡಚಿಟ್ಟು, ಮತ್ತೆ ಬಳಸಬಹುದು. ಒಂದು ಅಪಾರ್ಟ್‌ಮೆಂಟಿನಲ್ಲಿ 1ರಿಂದ 9ರವರೆಗಿನ ಅಂಕಿಗಳು ಒಂದು ಡಬ್ಬಿಯಲ್ಲಿದ್ದರೆ ವರ್ಷವಿಡೀ ಎಷ್ಟೋ ಮಕ್ಕಳಿಗೆ ಆಗುತ್ತದೆ. ಕೈಬಿಟ್ಟು ಹಾರಿತೋ, ಅಪಾಯ. ಅಲ್ಯುಮಿನಿಯಂ ವಿದ್ಯುತ್ ಹರಿಯಲು ಬಿಡುವುದರಿಂದ ಎರಡು ತಂತಿಗಳಿಗೆ ತಾಗಿದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹೀಲಿಯಂ ತುಂಬಿದ ಫಾಯಿಲ್ ಬಲೂನಿಗೆ ಭಾರ ಕಟ್ಟದೆ ಮಾರುವಂತಿಲ್ಲ ಎಂಬ ಕಾನೂನು ಇರುವುದು ಇದಕ್ಕೇ. ತಾರಸಿಗೆ ಕೈಚಾಚುವ ದೂರದಲ್ಲಿ ತಂತಿ ಹಾದುಹೋಗುವ ನಮ್ಮ ಬೀದಿಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಇನ್ನು ಒಳಗೆ ತುಂಬುವ ಅನಿಲ. 30 ಸೆಂಟಿಮೀಟರ್ ವ್ಯಾಸದ ಬಲೂನಿನಲ್ಲಿ ಸುಮಾರು 14 ಲೀಟರ್ ಹಿಡಿಯುತ್ತದೆ. ಒಂದು ಲೀಟರ್ ಹೀಲಿಯಂ ಸುಮಾರು ಒಂದು ಗ್ರಾಂ ಭಾರ ಎತ್ತಬಲ್ಲದು. ರಬ್ಬರಿನ ತೂಕ ಕಳೆದರೆ ಹತ್ತು ಗ್ರಾಂ ಚಿಲ್ಲರೆ ಉಳಿಯುತ್ತದೆ. ಇಷ್ಟರ ಸಂಭ್ರಮಕ್ಕೆ ನಾವು ಖರ್ಚು ಮಾಡುವುದು ಭೂಮಿಯಿಂದ ಒಮ್ಮೆ ಹೋದರೆ ಮರಳದ ಅನಿಲವನ್ನು. ಹೀಲಿಯಂನ ಕಥೆಯಲ್ಲಿ ನಮ್ಮ ಜಮಖಂಡಿಗೂ ಒಂದು ಜಾಗವಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಫ್ರಾನ್ಸಿನ ಪಿಯರ್ ಜಾನ್ಸೆನ್ ಗುಂಟೂರಿನಲ್ಲಿ ದೂರದರ್ಶಕ ಹೂಡಿದ್ದರು. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷಲ್ ಅವರ ಮೊಮ್ಮಗ ಲೆಫ್ಟಿನೆಂಟ್ ಜಾನ್ ಹರ್ಷಲ್ ಆಗಿನ ಜಮಖಂಡಿ ಸಂಸ್ಥಾನದಲ್ಲಿ ರೋಹಿತದರ್ಶಕ ಹಿಡಿದು ಕಾದಿದ್ದರು. ಸೂರ್ಯನ ಅಂಚಿನ ಜ್ವಾಲೆಗಳು ಬಿಡಿಬಿಡಿ ಬಣ್ಣದ ಗೆರೆಗಳಾಗಿ ಕಂಡವು. ಅವುಗಳಲ್ಲಿನ ಹಳದಿ ಗೆರೆ ಭೂಮಿಯ ಮೇಲೆ ಗೊತ್ತಿದ್ದ ಯಾವ ಧಾತುವಿಗೂ ಹೊಂದದ್ದೆಂದು ಲಂಡನ್ನಿನ ನಾರ್ಮನ್ ಲಾಕ್ಯರ್ ಮುಂದೆ ತೀರ್ಮಾನಿಸಿದರು. ಭೂಮಿಯ ಮೇಲಿನ ಖನಿಜವೊಂದರಿಂದ ವಿಲಿಯಂ ರಾಮ್ಸೆ ಅದನ್ನು ಹೊರತೆಗೆದದ್ದು 1895ರಲ್ಲಿ. ನೆಲದಾಳದಲ್ಲಿ ಯುರೇನಿಯಂ, ಥೋರಿಯಂ ಕ್ಷಯಿಸುತ್ತ ಕೋಟಿಗಟ್ಟಲೆ ವರ್ಷಗಳಲ್ಲಿ ಹುಟ್ಟುವ ಈ ಅನಿಲ, ನೈಸರ್ಗಿಕ ಅನಿಲದ ಬಾವಿಗಳಲ್ಲಿ ಸಿಗುತ್ತದೆ. ಬಲೂನಿನಿಂದ ಹೊರಬಿದ್ದದ್ದು ವಾಯುಮಂಡಲದಲ್ಲಿ ಚದುರಿ, ನಿಧಾನವಾಗಿ ಅಂತರಿಕ್ಷ ಸೇರುತ್ತದೆ. ಆಸ್ಪತ್ರೆಗಳ ಎಂ.ಆರ್.ಐ. ಯಂತ್ರದ ಅಯಸ್ಕಾಂತವನ್ನು ಮೈನಸ್ 269 ಡಿಗ್ರಿಯಲ್ಲಿ ತಂಪಾಗಿಡುವುದೂ ಇದೇ ಹೀಲಿಯಂ. ಧ್ವನಿ ಕೀಚಲಾಗುತ್ತದೆಂದು ಅದನ್ನು ಎಳೆದುಕೊಳ್ಳುವ ಆಟವೂ ಬೇಡ. ಶ್ವಾಸಕೋಶದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದರೆ ಎಚ್ಚರ ತಪ್ಪುತ್ತದೆ, ಸಿಲಿಂಡರಿನಿಂದ ನೇರ ಎಳೆದರೆ ಪ್ರಾಣವೇ ಹೋಗಬಹುದು.

ಹೀಲಿಯಂ ದುಬಾರಿ. ಹಾಗಾಗಿ ಜಾತ್ರೆ, ಪಾರ್ಕು, ದೇವಸ್ಥಾನದ ಬೀದಿಗಳಲ್ಲಿ ಎಷ್ಟೋ ಸಲ 'ಗ್ಯಾಸ್ ಬಲೂನು' ಎಂದು ಸಿಗುವುದು ಹೈಡ್ರೋಜನ್. ಹಳೆಯ ಸಿಲಿಂಡರಿಗೆ ಕಾಸ್ಟಿಕ್ ಸೋಡಾ, ನೀರು, ಅಲ್ಯುಮಿನಿಯಂ ಚೂರು ಹಾಕಿದರೆ ಕುದಿಯುವಷ್ಟು ಬಿಸಿಯಾಗಿ ಹೈಡ್ರೋಜನ್ ಹೊಮ್ಮುತ್ತದೆ. ಒತ್ತಡ ಎಷ್ಟಾಯಿತೆಂದು ತೋರಿಸುವ ಮೀಟರಿಲ್ಲ, ಹೆಚ್ಚಾದರೆ ಬಿಡುವ ಕವಾಟವಿಲ್ಲ, ಸೋಡಾ ತಿಂದ ಲೋಹ ಒಳಗಿನಿಂದ ಸವೆದಿರುತ್ತದೆ. ಸಿಲಿಂಡರ್ ಸಿಡಿದು ಬಲೂನು ಮಾರುವವರೂ ಸುತ್ತ ನಿಂತ ಮಕ್ಕಳೂ ಬಲಿಯಾದ ಸುದ್ದಿ ನಮ್ಮ ದೇಶದಲ್ಲಿ ಮತ್ತೆ ಮತ್ತೆ ಬರುತ್ತದೆ. ಹೈಡ್ರೋಜನ್ ಎತ್ತುವ ಭಾರ ಹೀಲಿಯಂಗಿಂತ ಬರೀ 8 ಪರ್ಸೆಂಟ್ ಹೆಚ್ಚು. ಆದರೆ ಗಾಳಿಯಲ್ಲಿ ಅದರ ಅಂಶ 4ರಿಂದ 75 ಪರ್ಸೆಂಟಿನ ನಡುವೆ ಎಷ್ಟಿದ್ದರೂ ಒಂದು ಕಿಡಿ ಸಾಕು. 2012ರ ಮೇ ತಿಂಗಳಲ್ಲಿ ಆರ್ಮೇನಿಯಾದ ಯೆರೆವಾನಿನಲ್ಲಿ ಚುನಾವಣಾ ಸಭೆಗೆ ತಂದ ಬಲೂನುಗಳ ಗೊಂಚಲಿಗೆ ಬೆಂಕಿ ತಗುಲಿ ನೂರಕ್ಕೂ ಹೆಚ್ಚು ಜನ ಸುಟ್ಟುಕೊಂಡರು. ಕೇಕಿನ ಮೇಲೆ ಮೇಣದಬತ್ತಿ, ಪಕ್ಕದಲ್ಲಿ ಹೈಡ್ರೋಜನ್ ಬಲೂನಿನ ಗೊಂಚಲು, ನಡುವೆ ಮಗು: ಇದಕ್ಕಿಂತ ಕೆಟ್ಟ ಜೋಡಣೆ ಇನ್ನೊಂದಿಲ್ಲ. ಬೀದಿಯಲ್ಲಿ ಬಲೂನು ಮಾರುವ ಬಡವರ ಮೇಲೆ ನನಗೆ ಸಿಟ್ಟಿಲ್ಲ. ಮೊದಲು ಸಾಯುವವರು ಅವರೇ. ಸಿಲಿಂಡರಿಗೆ ಏನನ್ನೋ ಸುರಿಯುವುದು ಕಂಡರೆ ಮಗುವನ್ನು ಎತ್ತಿಕೊಂಡು ದೂರ ಹೋಗಿ; ಅವರಿಂದ ಕಡ್ಡಿಗೆ ಕಟ್ಟಿದ, ಬಾಯಲ್ಲಿ ಊದಿದ ಬಲೂನನ್ನೇ ಕೇಳಿ ಕೊಳ್ಳಿ. ಆ ಕಡ್ಡಿಯೂ ಪ್ಲಾಸ್ಟಿಕ್ಕಿನದಾಗಿರಬಾರದು. ಬಲೂನಿನ ಪ್ಲಾಸ್ಟಿಕ್ ಕಡ್ಡಿಗೆ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಿದೆ.

ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಬಲೂನು ಹಾರಿಬಿಡುವ ಸಂಪ್ರದಾಯ. ಕ್ರೀಡಾಕೂಟದ ಉದ್ಘಾಟನೆಗೆ, ಶಾಲೆಯ ವಾರ್ಷಿಕೋತ್ಸವಕ್ಕೆ ಗಣ್ಯರು ಒಂದು ಗೊಂಚಲು ಬಿಡುತ್ತಾರೆ, ಚಪ್ಪಾಳೆ ಬೀಳುತ್ತದೆ. ಅದು ಎಲ್ಲಿ ಇಳಿಯುತ್ತದೆ ಎಂದು ಯಾರೂ ಕೇಳುವುದಿಲ್ಲ. 1986ರ ಸೆಪ್ಟೆಂಬರ್ 27ರಂದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ದತ್ತಿ ಕಾರ್ಯಕ್ಕೆಂದು 14 ಲಕ್ಷಕ್ಕೂ ಹೆಚ್ಚು ಬಲೂನುಗಳನ್ನು ಒಮ್ಮೆಗೇ ಬಿಟ್ಟರು. ಮಳೆಗಾಳಿ ಎದ್ದು ಅವೆಲ್ಲ ಊರಿನ ಮೇಲೆ, ಈರೀ ಸರೋವರದ ಮೇಲೆ ಕವಿದವು. ಆಗ ಸರೋವರದಲ್ಲಿ ಕಾಣೆಯಾಗಿದ್ದ ಇಬ್ಬರು ಮೀನುಗಾರರನ್ನು ಹುಡುಕುತ್ತಿದ್ದವರಿಗೆ ನೀರಿನಲ್ಲಿ ತೇಲುವ ತಲೆ ಯಾವುದು, ಬಲೂನು ಯಾವುದು ತಿಳಿಯದಾಯಿತು. ಇಬ್ಬರೂ ಹೆಣವಾಗಿ ಸಿಕ್ಕರು.

ರಬ್ಬರು ಮರದ ಹಾಲು, ಎಲೆ ಕೊಳೆತ ಹಾಗೆ ಕೊಳೆಯುತ್ತದೆ ಎಂಬ ಸಮಾಧಾನವನ್ನು ತಯಾರಕರು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಹಾಲು ಮರದ್ದು, ನಿಜ. ಅದಕ್ಕೆ ಗಂಧಕ ಬೆರೆತಿದೆ, ಬಣ್ಣ ಬೆರೆತಿದೆ, ಬೇಗ ಕೆಡದಿರಲೆಂದು ರಾಸಾಯನಿಕ ಬೆರೆತಿದೆ. ಟಾಸ್ಮೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬಲೂನುಗಳನ್ನು ಗೊಬ್ಬರದ ಗುಂಡಿಯಲ್ಲಿ, ಸಿಹಿನೀರಿನಲ್ಲಿ, ಉಪ್ಪುನೀರಿನಲ್ಲಿ 16 ವಾರ ಇಟ್ಟು ನೋಡಿ 2020ರಲ್ಲಿ ವರದಿ ಮಾಡಿದರು: ಎಲ್ಲಿಯೂ ಹೇಳಿಕೊಳ್ಳುವಂತೆ ಕೊಳೆತಿರಲಿಲ್ಲ. 2019ರ ಇನ್ನೊಂದು ಅಧ್ಯಯನ ಕಡಲ ಹಕ್ಕಿಗಳದು. ಗಟ್ಟಿ ಪ್ಲಾಸ್ಟಿಕ್ಕಿನ ಚೂರು ನುಂಗಿದ್ದಕ್ಕಿಂತ ಬಲೂನಿನ ಚೂರು ನುಂಗಿದ ಹಕ್ಕಿ ಸಾಯುವ ಸಂಭವ 32 ಪಟ್ಟು ಹೆಚ್ಚು ಎಂದು ಅದು ಲೆಕ್ಕ ಹಾಕಿತು. ಮಗುವಿನ ಗಂಟಲಿಗೆ ಕೂರುವ ಅದೇ ಮೆದುತನ ಹಕ್ಕಿಯ ಹೊಟ್ಟೆಯಲ್ಲೂ ಅಡ್ಡ ನಿಲ್ಲುತ್ತದೆ. ಅಮೆರಿಕದ ಫ್ಲೋರಿಡಾ ರಾಜ್ಯ 2024ರ ಜುಲೈ 1ರಿಂದ ಬಲೂನು ಹಾರಿಬಿಡುವುದನ್ನೇ ನಿಷೇಧಿಸಿದೆ. 'ಕೊಳೆಯುವಂಥದು' ಎಂದು ಮುದ್ರಿಸಿದ ಬಲೂನಿಗೂ ಅಲ್ಲಿ ವಿನಾಯಿತಿ ಇಲ್ಲ.

ನನ್ನ ತೀರ್ಮಾನ ಇಷ್ಟು. ಮನೆಯ ಹಬ್ಬಕ್ಕೆ ಸಾದಾ ರಬ್ಬರ್ ಬಲೂನೇ ಒಳ್ಳೆಯದು. ಕೈಪಂಪಿನಿಂದಲೋ ಬಾಯಿಂದಲೋ ಗಾಳಿ ತುಂಬಿ, ಬಿರಿಯುವಷ್ಟು ಊದದೆ, ಹತ್ತಿ ದಾರದಲ್ಲಿ ಕಟ್ಟಿ. ಅಂಕಿ, ಅಕ್ಷರ ಬೇಕೇ ಬೇಕೆಂದರೆ ಫಾಯಿಲ್ ತಂದು ಮಡಚಿಟ್ಟು ಮರುಬಳಸಿ. ತೇಲುವ ಬಲೂನು ಇಲ್ಲದಿದ್ದರೆ ಯಾವ ಮಗುವಿನ ಸಂತೋಷಕ್ಕೂ ಕೊರತೆಯಾಗದು. ಶಾಲೆಯ ಮುಖ್ಯೋಪಾಧ್ಯಾಯರು, ಕ್ರೀಡಾಕೂಟ ನಡೆಸುವವರು, ವೇದಿಕೆಗೆ ಬರುವ ಜನಪ್ರತಿನಿಧಿಗಳು ಇದನ್ನು ಓದುತ್ತಿದ್ದರೆ ಅವರಲ್ಲಿ ಒಂದು ವಿನಂತಿ: ಮುಂದಿನ ಉದ್ಘಾಟನೆಗೆ ಬಲೂನು ಹಾರಿಬಿಡಬೇಡಿ. ಡೊಳ್ಳು ಬಾರಿಸಿ, ಬಾವುಟ ಏರಿಸಿ, ಗಿಡ ನೆಡಿ.